ಪರೀಕ್ಷೆಯಲ್ಲಿ ಫೇಲಾದ ಮಾಸ್ತರರು



ನಿಮ್ಮ ಮನೆಯಲ್ಲಿ ಹತ್ತನೇ ತರಗತಿ ಓದುವ ಮಗನೋ ಮಗಳೋ ಇದ್ದರೆ ಅವರ ವಿಜ್ಞಾನದ ಪುಸ್ತಕವನ್ನು ಒಂದು ಸಂಜೆ ತೆರೆದು ನೋಡಿ. ಅನುವಂಶೀಯತೆಯ ಪಾಠದಲ್ಲಿ ಬಟಾಣಿ ಗಿಡದ ಚಿತ್ರವಿದೆ, ಗ್ರೆಗೊರ್ ಮೆಂಡೆಲ್ ಎಂಬ ಹೆಸರಿದೆ. ಮಕ್ಕಳು 3:1 ಎಂದು ಬಾಯಿಪಾಠ ಮಾಡುತ್ತಾರೆ, ಪರೀಕ್ಷೆಯಲ್ಲಿ ಬರೆದು ಬರುತ್ತಾರೆ, ಬೇಸಿಗೆ ರಜೆಯಲ್ಲಿ ಮರೆಯುತ್ತಾರೆ. ಆ ಮೆಂಡೆಲ್ ನಮ್ಮ ಧರ್ಮಸಭೆಯ ಒಬ್ಬ ಗುರು, ಮಠವೊಂದರ ಸನ್ಯಾಸಿ, ಜೊತೆಗೆ ನಮ್ಮ ಮಕ್ಕಳ ವಯಸ್ಸಿನವರಿಗೇ ಪಾಠ ಹೇಳಿದ ಶಾಲಾ ಮಾಸ್ತರರು ಎಂಬುದನ್ನು ಮಕ್ಕಳಿಗೆ ಹೇಳುವವರು ಕಡಿಮೆ.

ಪಾಠದಲ್ಲಿ ಇನ್ನೊಂದು ಪದ ಬರುತ್ತದೆ, ಉತ್ಪರಿವರ್ತನೆ. ಈ ಪದ ಕೇಳಿದೊಡನೆ ಮಕ್ಕಳ ಕಣ್ಣ ಮುಂದೆ ಬರುವುದು ಎರಡು ತಲೆಯ ಕರು, ಆರು ಬೆರಳಿನ ಕೂಸು, ಇಲ್ಲವೇ ಸಿನಿಮಾದ ರಾಕ್ಷಸ. ಏನೋ ಅನಿಷ್ಟ, ಏನೋ ಭಯ. ಆ ಭಯ ಶಾಲೆಯಲ್ಲಿ ಹುಟ್ಟುವುದಲ್ಲ, ಮನೆಯಿಂದ ಅಲ್ಲಿಗೆ ಹೋಗುತ್ತದೆ. ಬಸವಕಲ್ಯಾಣ ತಾಲ್ಲೂಕಿನ ಕೊಹಿನೂರನ್ನೇ ತೆಗೆದುಕೊಳ್ಳಿ. ಹೆಸರು ಜಗತ್ಪ್ರಸಿದ್ಧ ವಜ್ರದ್ದಾದರೂ ಊರು ತೊಗರಿ, ಉದ್ದು, ಹೆಸರು, ಜೋಳದ್ದು. ಇಂಥ ಊರಿನ ಯಾವುದಾದರೂ ಮನೆಯಲ್ಲಿ ಕಿವಿ ಕೇಳದ ಕೂಸೊಂದು ಹುಟ್ಟಿತೆನ್ನಿ. ಮೊದಲು ಮಾತು ಬರುವುದು ಯಾರಿಗೆ? ತಾಯಿಗೆ. ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದಿದ್ದಳು, ತವರಿನಲ್ಲಿ ಏನೋ ಶಾಪವಿತ್ತು, ಬಸುರಿದ್ದಾಗ ತಿನ್ನಬಾರದ್ದು ತಿಂದಳು ಎಂದು ಒಂದೊಂದೇ ಸೇರುತ್ತ ಹೋಗುತ್ತದೆ. ಕ್ರೈಸ್ತ ಕುಟುಂಬಗಳು ಇದಕ್ಕೆ ಹೊರತೆಂದು ನಾವು ಎದೆ ತಟ್ಟಿ ಹೇಳುವಂತಿಲ್ಲ. ಹುಟ್ಟುಕುರುಡನನ್ನು ಕಂಡಾಗ ಪ್ರಭುವಿನ ಶಿಷ್ಯರಿಗೂ ಮೊದಲು ತೋಚಿದ್ದು ಇದು ಯಾರ ಪಾಪ ಎಂಬ ಪ್ರಶ್ನೆಯೇ. ಪ್ರಭು ಏನು ಉತ್ತರ ಕೊಟ್ಟರೆಂಬುದು ನಿಮಗೆ ಗೊತ್ತಿದೆ.

ಆ ಉತ್ತರಕ್ಕೂ ಒಬ್ಬ ಗುರು ಬೆಳೆಸಿದ ಬಟಾಣಿಗೂ ಏನು ಸಂಬಂಧ ಎಂದು ತಿಳಿಯಬೇಕಾದರೆ ಅವರ ಜೀವನವನ್ನು ಸ್ವಲ್ಪ ನೋಡಬೇಕು.

1822ರ ಜುಲೈ ತಿಂಗಳಲ್ಲಿ ಆಗಿನ ಆಸ್ಟ್ರಿಯಾ ಸಾಮ್ರಾಜ್ಯದ ಹೈನ್ಸೆನ್‌ಡಾರ್ಫ್ ಎಂಬ ಸಣ್ಣ ಹಳ್ಳಿಯಲ್ಲಿ ಯೊಹಾನ್ ಮೆಂಡೆಲ್ ಹುಟ್ಟಿದ. ಆ ಊರು ಈಗ ಚೆಕ್ ಗಣರಾಜ್ಯದಲ್ಲಿದೆ. ತಂದೆ ಆಂಟನ್ ಸಣ್ಣ ಹಿಡುವಳಿಯ ರೈತ. ತಾಯಿ ರೋಸೀನ್. ಒಬ್ಬಳು ಅಕ್ಕ, ಒಬ್ಬಳು ತಂಗಿ. ಸ್ವಂತ ಹೊಲವಿದ್ದರೂ ಆಂಟನ್ ವಾರಕ್ಕೆ ಮೂರು ದಿನ ಜಮೀನುದಾರನ ಹೊಲದಲ್ಲಿ ಬಿಟ್ಟಿ ದುಡಿಯಬೇಕಿತ್ತು. ಬಿಟ್ಟಿ ಎಂದರೇನೆಂದು ನಮ್ಮ ಕಡೆಯ ಹಿರಿಯರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆ ಊರಿನ ಧರ್ಮಕೇಂದ್ರದ ಗುರುಗಳು ಹಣ್ಣಿನ ಗಿಡಗಳಿಗೆ ಕಸಿ ಕಟ್ಟುವುದನ್ನು ರೈತರಿಗೆ ಕಲಿಸುತ್ತಿದ್ದವರು. ಹುಡುಗ ಜಾಣನೆಂದು ಅವರೂ ಶಾಲೆಯ ಮಾಸ್ತರರೂ ಸೇರಿ ಪೇಟೆಯ ಶಾಲೆಗೆ ಕಳುಹಿಸಿದರು. ಮನೆಯಿಂದ ಹಣ ಸಾಲುತ್ತಿರಲಿಲ್ಲ, ಎಷ್ಟೋ ದಿನ ಅರೆಹೊಟ್ಟೆ.

1838ರಲ್ಲಿ ಅದೇ ಬಿಟ್ಟಿ ಕೆಲಸದ ಹೊತ್ತಿನಲ್ಲಿ ಮರದ ದಿಮ್ಮಿ ಉರುಳಿ ತಂದೆಯ ಎದೆಗೆ ಪೆಟ್ಟಾಯಿತು. ಮತ್ತೆ ಅವರು ಮೊದಲಿನಂತೆ ಹೊಲ ಮಾಡಲಾರದೆ ಹೋದರು. ಹದಿನಾರರ ಹುಡುಗ ಬೇರೆ ಮಕ್ಕಳಿಗೆ ಮನೆಪಾಠ ಹೇಳಿ ಓದಿದ. ಕಷ್ಟ ತಡೆಯದೆ ಹಾಸಿಗೆ ಹಿಡಿದು ತಿಂಗಳುಗಟ್ಟಲೆ ಮನೆಯಲ್ಲಿ ಮಲಗಿದ್ದೂ ಉಂಟು. ಕೊನೆಗೆ ತಂದೆ ಹೊಲವನ್ನು ಹಿರಿಯ ಅಳಿಯನಿಗೆ ಬರೆದುಕೊಟ್ಟರು. ಆಗ ತಂಗಿ ತೆರೇಸಿಯಾ ತನ್ನ ಮದುವೆಗೆಂದು ಇಟ್ಟಿದ್ದ ಪಾಲಿನಲ್ಲಿ ಒಂದು ಭಾಗವನ್ನು ಅಣ್ಣನ ಓದಿಗೆ ಬಿಟ್ಟುಕೊಟ್ಟಳು. ಓದುಗರೇ, ಮೆಂಡೆಲ್ ಬಗ್ಗೆ ಬರೆದ ಎಷ್ಟೋ ಲೇಖನಗಳಲ್ಲಿ ಈ ತಂಗಿಯ ಹೆಸರೇ ಬರುವುದಿಲ್ಲ. ಅವಳು ಅಂದು ಕೈ ಬಿಟ್ಟಿದ್ದರೆ ಬಟಾಣಿಯ ಕಥೆಯೇ ಇರುತ್ತಿರಲಿಲ್ಲ. ಅಣ್ಣ ಅದನ್ನು ಮರೆಯಲಿಲ್ಲ. ಮುಂದೆ ತಂಗಿಯ ಮೂವರು ಗಂಡುಮಕ್ಕಳ ಓದಿಗೆ ನೆರವಾದರು, ಅವರಲ್ಲಿ ಇಬ್ಬರು ಡಾಕ್ಟರರಾದರು.

1843ರಲ್ಲಿ ಯೊಹಾನ್ ಬ್ರನೋ ಪಟ್ಟಣದ ಸಂತ ತೋಮಸರ ಮಠವನ್ನು ಸೇರಿದ. ಅದು ಸಂತ ಅಗಸ್ಟೀನರ ಸಭೆಯ ಮಠ. ಅಲ್ಲಿ ಅವನಿಗೆ ಗ್ರೆಗೊರ್ ಎಂಬ ಹೆಸರಾಯಿತು. ಹೊಟ್ಟೆಪಾಡಿನ ಚಿಂತೆ ತಪ್ಪಿಸಿಕೊಳ್ಳುವುದೂ ಮಠ ಸೇರಲು ಒಂದು ಕಾರಣವಾಗಿತ್ತೆಂದು ಅವರು ತಾವೇ ಮುಂದೆ ಮುಚ್ಚುಮರೆಯಿಲ್ಲದೆ ಬರೆದುಕೊಂಡಿದ್ದಾರೆ. 1847ರಲ್ಲಿ ಗುರುದೀಕ್ಷೆಯಾಯಿತು. ರೋಗಿಗಳನ್ನು ಭೇಟಿ ಮಾಡುವ ಸೇವೆ ಕೊಟ್ಟರೆ, ಅವರ ಸಂಕಟ ನೋಡಲಾರದೆ ತಾವೇ ಕಾಯಿಲೆ ಬಿದ್ದರು. ಮಠದ ಮುಖ್ಯಸ್ಥರಾದ ಸಿರಿಲ್ ನಾಪ್ ಒಳ್ಳೆಯ ಕಣ್ಣುಳ್ಳವರು. ಈ ಮನುಷ್ಯ ಆಸ್ಪತ್ರೆಗಲ್ಲ, ಶಾಲೆಗೆ ತಕ್ಕವನು ಎಂದು ಕಂಡುಕೊಂಡು 1849ರಲ್ಲಿ ಜ್ನೈಮ್ ಪಟ್ಟಣದ ಪ್ರೌಢಶಾಲೆಗೆ ಬದಲಿ ಶಿಕ್ಷಕರಾಗಿ ಕಳುಹಿಸಿದರು.

ಪಾಠ ಚೆನ್ನಾಗಿ ನಡೆಯಿತು. ಆದರೆ ಕಾಯಂ ಆಗಬೇಕಾದರೆ ಸರಕಾರದ ಪರೀಕ್ಷೆ ಪಾಸಾಗಬೇಕು. 1850ರಲ್ಲಿ ಕುಳಿತರು. ಹವಾಮಾನದ ಬಗ್ಗೆ ಬರೆದದ್ದನ್ನು ಪರೀಕ್ಷಕರು ಮೆಚ್ಚಿದರು. ಪ್ರಾಣಿಶಾಸ್ತ್ರದಲ್ಲಿ ಸಸ್ತನಿಗಳನ್ನು ವಿಂಗಡಿಸುವ ಪ್ರಶ್ನೆಗೆ ಬರೆದ ಉತ್ತರ ಮಾತ್ರ ಅವರಿಗೆ ಹಿಡಿಸಲಿಲ್ಲ. ಭೂವಿಜ್ಞಾನದಲ್ಲೂ ಹಾಗೇ ಆಯಿತು. ಫೇಲು. ಜೀವಶಾಸ್ತ್ರದ ಪಠ್ಯದಲ್ಲಿ ಇವತ್ತು ಯಾರ ಹೆಸರಿಲ್ಲದೆ ಪಾಠ ಮುಂದೆ ಸಾಗುವುದಿಲ್ಲವೋ ಅವರೇ ಆ ವಿಷಯವನ್ನು ಕಲಿಸುವ ಪರೀಕ್ಷೆಯಲ್ಲಿ ಫೇಲಾದರು. ನಿಮ್ಮ ಮನೆಯ ಹುಡುಗ ವಿಜ್ಞಾನದಲ್ಲಿ ಕಡಿಮೆ ಅಂಕ ತಂದ ದಿನ ಇದನ್ನು ನೆನಪು ಮಾಡಿಕೊಳ್ಳಿ.

ನಾಪ್ ಅವರು ಬೈಯಲಿಲ್ಲ. 1851ರಿಂದ 1853ರವರೆಗೆ ವಿಯೆನ್ನಾ ವಿಶ್ವವಿದ್ಯಾಲಯಕ್ಕೆ ಕಳುಹಿಸಿದರು. ಅಲ್ಲಿ ಭೌತಶಾಸ್ತ್ರದಲ್ಲಿ ಡಾಪ್ಲರ್ ಅವರ ಪಾಠ, ಸಸ್ಯಶಾಸ್ತ್ರದಲ್ಲಿ ಫ್ರಾನ್ಸ್ ಉಂಗರ್ ಅವರ ಪಾಠ. ಎಣಿಸುವುದು, ಅಳೆಯುವುದು, ಒಂದು ಗುಣವನ್ನು ಉಳಿದವುಗಳಿಂದ ಬೇರೆ ಮಾಡಿ ನೋಡುವುದು ಮೆಂಡೆಲ್ ಅವರಿಗೆ ಮೈಗೂಡಿದ್ದು ಇಲ್ಲಿಯೇ. 1854ರಲ್ಲಿ ಮರಳಿ ಬಂದು ಬ್ರನೋದ ಶಾಲೆಯಲ್ಲಿ ಭೌತಶಾಸ್ತ್ರ ಮತ್ತು ಪ್ರಕೃತಿ ವಿಜ್ಞಾನ ಕಲಿಸತೊಡಗಿದರು. 1856ರಲ್ಲಿ ಮತ್ತೊಮ್ಮೆ ಪರೀಕ್ಷೆಗೆ ಹೋದರು, ನಡುವೆಯೇ ಕಾಯಿಲೆಯಾಗಿ ಹಿಂದಿರುಗಿದರು. ಮತ್ತೆ ಹೋಗಲೇ ಇಲ್ಲ. ಹದಿನಾಲ್ಕು ವರ್ಷ, 1868ರವರೆಗೆ, ಬದಲಿ ಶಿಕ್ಷಕರಾಗಿಯೇ ಪಾಠ ಹೇಳಿದರು. ನಮ್ಮ ಅತಿಥಿ ಶಿಕ್ಷಕರಿಗೆ ಈ ಸಂಗತಿ ಹೆಚ್ಚು ಅರ್ಥವಾದೀತು. ಹಳೆಯ ವಿದ್ಯಾರ್ಥಿಗಳು ಮಾತ್ರ ಅವರನ್ನು ಮುದುಕರಾದ ಮೇಲೂ ಪ್ರೀತಿಯಿಂದ ನೆನೆದರು.

ಪರೀಕ್ಷೆ ಕೈಬಿಟ್ಟ ವರ್ಷವೇ ಮಠದ ತೋಟದಲ್ಲಿ ಬಟಾಣಿಯ ಕೆಲಸ ಆರಂಭವಾಯಿತು. ಸುಮಾರು 35 ಮೀಟರ್ ಉದ್ದ, 7 ಮೀಟರ್ ಅಗಲದ ಪಟ್ಟಿ, ಅಷ್ಟೇ. ಅದಕ್ಕೂ ಮೊದಲು ಎರಡು ವರ್ಷ 34 ಬಗೆಯ ಬಟಾಣಿ ಬೀಜ ತರಿಸಿ, ಬಿತ್ತಿ, ಯಾವುದು ತಲೆಮಾರಿನಿಂದ ತಲೆಮಾರಿಗೆ ಒಂದೇ ತೆರನಾಗಿ ಬರುತ್ತದೆಂದು ನೋಡಿ 22 ಬಗೆಗಳನ್ನು ಆರಿಸಿಕೊಂಡಿದ್ದರು.

ಬಟಾಣಿಯೇ ಏಕೆ? ನಮ್ಮ ತೊಗರಿ ಹೊಲವನ್ನು ನೆನೆಸಿಕೊಳ್ಳಿ. ತೊಗರಿ ಹೂವಿಗೆ ಜೇನ್ನೊಣ ಬರುತ್ತದೆ, ಪಕ್ಕದ ಹೊಲದ ಪರಾಗವನ್ನು ತಂದು ಬೆರೆಸುತ್ತದೆ. ಅದಕ್ಕೇ ಬೀಜಕ್ಕೆಂದು ತೊಗರಿ ಬೆಳೆಯುವವರು ಬೇರೆ ತಳಿಯ ಹೊಲದಿಂದ ದೂರದಲ್ಲಿ ಬಿತ್ತುತ್ತಾರೆ. ಬಟಾಣಿ ಹಾಗಲ್ಲ. ಅದರ ಹೂವು ಅರಳುವ ಮೊದಲೇ ಒಳಗೊಳಗೇ ಪರಾಗಸ್ಪರ್ಶ ಮುಗಿದಿರುತ್ತದೆ. ಬೇಕಾದಾಗ ಮೊಗ್ಗನ್ನು ಬಿಡಿಸಿ, ಕೇಸರಗಳನ್ನು ಚಿಮುಟದಿಂದ ಕಿತ್ತು, ಇನ್ನೊಂದು ಗಿಡದ ಪರಾಗವನ್ನು ಕುಂಚದಿಂದ ಸವರಿದರೆ ತಂದೆ ಯಾರು, ತಾಯಿ ಯಾರು ಎಂಬುದರಲ್ಲಿ ಅನುಮಾನವೇ ಇರುವುದಿಲ್ಲ. ಮೆಂಡೆಲ್ ಇದನ್ನು ಸಾವಿರಾರು ಹೂಗಳಿಗೆ ಕೈಯಾರೆ ಮಾಡಿದರು. ಶಾಲೆ ಮುಗಿಸಿ, ಮಠದ ಪ್ರಾರ್ಥನೆಗಳ ನಡುವೆ, ಎಂಟು ವರ್ಷ.

ಅವರು ಏಳು ಗುಣಗಳನ್ನು ಹಿಡಿದರು. ಕಾಳು ದುಂಡಗೋ ಸುಕ್ಕೋ, ಹಳದಿಯೋ ಹಸಿರೋ, ಹೂವಿನ ಬಣ್ಣ, ಕಾಯಿಯ ಆಕಾರ, ಕಾಯಿಯ ಬಣ್ಣ, ಹೂ ಬಿಡುವ ಜಾಗ, ಗಿಡದ ಎತ್ತರ. ದುಂಡು ಕಾಳಿನ ಗಿಡವನ್ನೂ ಸುಕ್ಕು ಕಾಳಿನ ಗಿಡವನ್ನೂ ಕೂಡಿಸಿದರೆ ಹುಟ್ಟಿದ ಕಾಳೆಲ್ಲ ದುಂಡು. ಸುಕ್ಕು ಕಾಣೆಯೇ ಆಯಿತು. ಆ ದುಂಡು ಕಾಳುಗಳನ್ನು ಬಿತ್ತಿ ತಮ್ಮಷ್ಟಕ್ಕೆ ಬೆಳೆಯಲು ಬಿಟ್ಟರೆ ಮುಂದಿನ ಸುಗ್ಗಿಯಲ್ಲಿ ಸುಕ್ಕು ಮತ್ತೆ ಬಂತು. ಎಣಿಸಿದರು. ಒಟ್ಟು 7,324 ಕಾಳು. 5,474 ದುಂಡು, 1,850 ಸುಕ್ಕು. ಹಳದಿ ಮತ್ತು ಹಸಿರನ್ನು ಎಣಿಸಿದರೆ 6,022 ಹಳದಿ, 2,001 ಹಸಿರು. ಮೂರಕ್ಕೆ ಒಂದು.

ಇದರಿಂದ ಅವರು ಕಂಡುಕೊಂಡದ್ದೇನು? ಪ್ರತಿ ಗುಣಕ್ಕೂ ಗಿಡದಲ್ಲಿ ಎರಡು ಪ್ರತಿಗಳಿವೆ, ಒಂದು ತಂದೆಯಿಂದ, ಒಂದು ತಾಯಿಯಿಂದ. ಸುಕ್ಕಿನ ಪ್ರತಿ ಒಂದೇ ಇದ್ದರೆ ಅದು ಹೊರಗೆ ಕಾಣದೆ ಅಡಗಿರುತ್ತದೆ, ಆದರೆ ನಾಶವಾಗುವುದಿಲ್ಲ. ಎರಡೂ ಕಡೆಯಿಂದ ಸುಕ್ಕೇ ಬಂದಾಗ ಕಾಳು ಸುಕ್ಕಾಗುತ್ತದೆ. ಅಡಗಿರುವುದೇ ಬೇರೆ, ಇಲ್ಲದಿರುವುದೇ ಬೇರೆ. ಈ ಒಂದು ಮಾತು ಮಕ್ಕಳ ತಲೆಗೆ ಹೋದರೆ ಪಾಠದ ಅರ್ಧ ಮುಗಿದಂತೆ.

ಅವರ ಲೆಕ್ಕ ಅತಿ ಚೊಕ್ಕವಾಗಿದೆ ಎಂದು 1936ರಲ್ಲಿ ಫಿಶರ್ ಎಂಬ ಸಂಖ್ಯಾಶಾಸ್ತ್ರಜ್ಞರು ಸಂಶಯಪಟ್ಟರು. ಚರ್ಚೆ ಬಹಳ ವರ್ಷ ನಡೆಯಿತು. ಆದರೆ ಅದೇ ಪ್ರಯೋಗವನ್ನು ಬೇರೆ ಬೇರೆಯವರು ಮಾಡಿದಾಗಲೂ ಮೂರಕ್ಕೆ ಒಂದೇ ಬಂದಿದೆ. ಗುರುಗಳೆಂಬ ಕಾರಣಕ್ಕೆ ನಾವು ಇದನ್ನು ಮುಚ್ಚಿಡಬೇಕಾಗಿಲ್ಲ.

1865ರ ಫೆಬ್ರವರಿ 8 ಮತ್ತು ಮಾರ್ಚ್ 8ರಂದು ಬ್ರನೋದ ಪ್ರಕೃತಿ ವಿಜ್ಞಾನ ಸಂಘದಲ್ಲಿ ತಮ್ಮ ಲೇಖನವನ್ನು ಓದಿದರು. ಮರುವರ್ಷ ಅಚ್ಚಾಯಿತು. 40 ಪ್ರತಿಗಳನ್ನು ಬೇರೆಯಾಗಿ ತೆಗೆಸಿಕೊಂಡು ಅಲ್ಲಲ್ಲಿಗೆ ಕಳುಹಿಸಿದರು. ಯಾರೂ ಅದರ ಬೆಲೆ ಅರಿಯಲಿಲ್ಲ. 1868ರಲ್ಲಿ ಮಠದ ಮುಖ್ಯಸ್ಥರಾಗಿ ಆಯ್ಕೆಯಾದ ಮೇಲೆ ಶಾಲೆಯೂ ತಪ್ಪಿತು, ತೋಟವೂ ದೂರವಾಯಿತು. ಮಠಗಳ ಮೇಲೆ ಸರಕಾರ ಹೇರಿದ ತೆರಿಗೆಯನ್ನು ಕೊಡುವುದಿಲ್ಲವೆಂದು ಹಟ ಹಿಡಿದು ಕೊನೆಯ ವರ್ಷಗಳನ್ನು ಕಾಗದಪತ್ರದ ಜಗಳದಲ್ಲೇ ಕಳೆದರು. ಜೇನು ಸಾಕುವುದು, ಮಳೆ ಗಾಳಿಯ ಲೆಕ್ಕ ಬರೆಯುವುದು ಮಾತ್ರ ಬಿಡಲಿಲ್ಲ. 1884ರ ಜನವರಿ 6, ಮೂರು ರಾಯರ ಹಬ್ಬದ ದಿನ, ಮೂತ್ರಪಿಂಡದ ಕಾಯಿಲೆಯಿಂದ ತೀರಿಕೊಂಡರು. ಶವಸಂಸ್ಕಾರದ ಗಾಯನವನ್ನು ಮುಂದೆ ದೊಡ್ಡ ಸಂಗೀತಗಾರರೆನಿಸಿದ ಲಿಯೋಶ್ ಯಾನಾಚೆಕ್ ನಡೆಸಿಕೊಟ್ಟರು. ಅವರ ಬರಹದ ಕಾಗದಗಳಲ್ಲಿ ಬಹುಪಾಲು ಬೆಂಕಿಗೆ ಹೋದವು.

1900ರಲ್ಲಿ ಡಿ ವ್ರೀಸ್, ಕಾರೆನ್ಸ್, ಚೆರ್ಮಾಕ್ ಎಂಬ ಮೂವರು ವಿಜ್ಞಾನಿಗಳು ಬೇರೆ ಬೇರೆಯಾಗಿ ಅದೇ ಲೆಕ್ಕಕ್ಕೆ ಬಂದು, ಹಳೆಯ ಪುಸ್ತಕಗಳನ್ನು ತಿರುವಿ ಹಾಕಿದಾಗ ಬ್ರನೋದ ಮಾಸ್ತರರು 34 ವರ್ಷ ಮೊದಲೇ ಎಲ್ಲವನ್ನೂ ಅಚ್ಚು ಹಾಕಿಸಿದ್ದು ಕಣ್ಣಿಗೆ ಬಿತ್ತು. ಇವರಲ್ಲಿ ಹಾಲೆಂಡಿನ ಡಿ ವ್ರೀಸ್ ಅವರೇ ಉತ್ಪರಿವರ್ತನೆ ಎಂಬ ವಿಚಾರವನ್ನು ಜೀವಶಾಸ್ತ್ರದಲ್ಲಿ ದೊಡ್ಡದಾಗಿ ಬಳಕೆಗೆ ತಂದವರು. ಒಂದು ಹೂಗಿಡದ ಹೊಲದಲ್ಲಿ ಇದ್ದಕ್ಕಿದ್ದಂತೆ ಹೊಸ ರೂಪದ ಗಿಡಗಳು ಹುಟ್ಟಿದ್ದನ್ನು ಅವರು ಕಂಡಿದ್ದರು. ಅವರು ನೋಡಿದ್ದರಲ್ಲಿ ಹೆಚ್ಚಿನವು ವರ್ಣತಂತುಗಳ ಅದಲುಬದಲು ಎಂದು ಆಮೇಲೆ ಗೊತ್ತಾಯಿತು. ಹೆಸರು ಮಾತ್ರ ನಿಂತಿತು. 1927ರಲ್ಲಿ ಅಮೆರಿಕದ ಮುಲ್ಲರ್ ಎಂಬವರು ಕ್ಷ-ಕಿರಣ ಹಾಯಿಸಿ ಹಣ್ಣುನೊಣಗಳಲ್ಲಿ ಉತ್ಪರಿವರ್ತನೆ ಉಂಟುಮಾಡಬಹುದೆಂದು ತೋರಿಸಿದರು. ಎಕ್ಸ್‌ರೇ ತೆಗೆಯುವ ಮುನ್ನ ಹೆಣ್ಣುಮಕ್ಕಳನ್ನು ಬಸುರಿಯೇ ಎಂದು ಕೇಳುವುದರ ಹಿಂದೆ ಕಿರಣಗಳ ಅಪಾಯದ ಈ ತಿಳಿವಳಿಕೆಯೂ ಇದೆ.

ಈಗ ಮೆಂಡೆಲ್ ಅವರಿಗೇ ಗೊತ್ತಿರದಿದ್ದ ಪ್ರಶ್ನೆಗೆ ಬರೋಣ. ಸುಕ್ಕು ಬಟಾಣಿ ಮೊದಲಿಗೆ ಸುಕ್ಕಾದದ್ದಾದರೂ ಏಕೆ?

1990ರಲ್ಲಿ ಇಂಗ್ಲೆಂಡಿನ ನಾರ್ವಿಚ್‌ನ ಜಾನ್ ಇನ್ಸ್ ಸಂಸ್ಥೆಯವರು ಇದನ್ನು ಬಿಡಿಸಿದರು. ಕಾಳಿನಲ್ಲಿ ಪಿಷ್ಟವನ್ನು ಕವಲು ಕವಲಾಗಿ ಕಟ್ಟುವ ಒಂದು ಕಿಣ್ವವಿದೆ. ಅದನ್ನು ತಯಾರಿಸುವ ಸೂಚನೆ ಒಂದು ಜೀನ್‌ನಲ್ಲಿ ಬರೆದಿದೆ. ಸುಕ್ಕು ಬಟಾಣಿಯಲ್ಲಿ ಆ ಬರಹದ ನಡುವೆ ಸುಮಾರು 800 ಅಕ್ಷರಗಳ ಬೇರೆ ತುಣುಕೊಂದು ಬಂದು ಸೇರಿಕೊಂಡಿದೆ. ಲಗ್ನಪತ್ರಿಕೆ ಅಚ್ಚು ಹಾಕುವಾಗ ಇನ್ನೊಬ್ಬರ ಮನೆಯ ಪತ್ರಿಕೆಯ ನಾಲ್ಕು ಸಾಲು ನಡುವೆ ಸೇರಿದಂತೆ. ವರನ ಹೆಸರಿದೆ, ವಧುವಿನ ಹೆಸರಿದೆ, ಆದರೆ ಲಗ್ನ ಎಲ್ಲಿ, ಯಾವಾಗ ಎಂದು ಓದಿದವರಿಗೆ ತಿಳಿಯದು. ಕಿಣ್ವ ಸರಿಯಾಗಿ ತಯಾರಾಗುವುದಿಲ್ಲ. ಪಿಷ್ಟವಾಗಬೇಕಾದ ಸಕ್ಕರೆ ಸಕ್ಕರೆಯಾಗಿಯೇ ಉಳಿಯುತ್ತದೆ, ಎಳೆಯ ಕಾಳು ಹೆಚ್ಚು ನೀರು ಹೀರಿ ಉಬ್ಬುತ್ತದೆ, ಒಣಗಿದಾಗ ಚರ್ಮ ಮುದುಡುತ್ತದೆ. ಸುಕ್ಕು ಬಟಾಣಿ ತಿನ್ನಲು ಸಿಹಿಯಾಗಿರುವುದು ಇದರಿಂದಲೇ. ಚಳಿಗಾಲದಲ್ಲಿ ನೀವು ಪಲಾವಿಗೆ ಹಾಕುವ ಸಿಹಿ ಹಸಿ ಬಟಾಣಿ ಇದೇ ಜಾತಿಯದು. ಭಯಪಡುವ ಉತ್ಪರಿವರ್ತನೆಯನ್ನು ನಾವು ಇಷ್ಟಪಟ್ಟು ತಿನ್ನುತ್ತಿದ್ದೇವೆ!

ಗಿಡ್ಡ ಬಟಾಣಿಯ ಗುಟ್ಟು 1997ರಲ್ಲಿ ತಿಳಿಯಿತು. ಅಲ್ಲಿ ತಪ್ಪಿರುವುದು ಒಂದೇ ಅಕ್ಷರ. ಹಾಲು ಎಂದು ಬರೆಯುವಲ್ಲಿ ಹಾಳು ಎಂದು ಬರೆದರೆ ಏನಾಗುತ್ತದೆಂದು ಕನ್ನಡ ಮಾಸ್ತರರನ್ನು ಕೇಳಿ. 2025ರ ಹೊತ್ತಿಗೆ ಮೆಂಡೆಲ್ ಅವರ ಏಳೂ ಗುಣಗಳ ಹಿಂದಿರುವ ಜೀನ್‌ಗಳು ಸಿಕ್ಕಿವೆ. ಅವರು ಎಂಟು ವರ್ಷ ಎಣಿಸಿದ್ದು, ಒಂದು ರೀತಿಯಲ್ಲಿ ನೋಡಿದರೆ, ಏಳು ಉತ್ಪರಿವರ್ತನೆಗಳನ್ನೇ.

ಹೀಗಾಗಿ ಶಾಲೆಯಲ್ಲಿ ಉತ್ಪರಿವರ್ತನೆಯನ್ನು ಕಲಿಸಲು ರಾಕ್ಷಸರ ಚಿತ್ರ ಬೇಡ, ಬಟಾಣಿ ಸಾಕು. ಕಿರಾಣಿ ಅಂಗಡಿಯ ಒಣ ಬಿಳಿ ವಟಾಣಿ ದುಂಡಗಿರುತ್ತದೆ. ಹುಮನಾಬಾದಿನ ಬೀಜದ ಅಂಗಡಿಯಲ್ಲಿ ತರಕಾರಿ ಬಟಾಣಿಯ ಬೀಜ ಕೇಳಿ ನೋಡಿ, ಆರ್ಕೆಲ್ ತಳಿ ಸಿಕ್ಕರೆ ಅದು ಸುಕ್ಕು. ಎರಡನ್ನೂ ಮಕ್ಕಳ ಅಂಗೈಯಲ್ಲಿ ಇಡಿ. ಬಿತ್ತನೆ ಬೀಜಕ್ಕೆ ಔಷಧಿ ಲೇಪಿಸಿರುತ್ತಾರೆ, ಬಾಯಿಗೆ ಹಾಕದಂತೆ ನೋಡಿಕೊಳ್ಳಿ, ಆಮೇಲೆ ಕೈ ತೊಳೆಸಿ.

ಮೂರಕ್ಕೆ ಒಂದನ್ನು ಕಲಿಸುವುದಕ್ಕೂ ಖರ್ಚಿಲ್ಲ. ಎರಡು ಚೀಲ ತೆಗೆದುಕೊಳ್ಳಿ. ಒಂದೊಂದರಲ್ಲೂ 50 ತೊಗರಿ ಕಾಳು, 50 ಉದ್ದಿನ ಕಾಳು. ಒಂದು ಚೀಲ ತಂದೆ, ಒಂದು ತಾಯಿ. ಕಣ್ಣು ಮುಚ್ಚಿ ಒಂದೊಂದರಿಂದ ಒಂದು ಕಾಳು ತೆಗೆದು ಜೋಡಿ ಬರೆದುಕೊಂಡು ಮತ್ತೆ ಒಳಗೆ ಹಾಕಬೇಕು. ತೊಗರಿಯನ್ನು ಪ್ರಬಲ ಎನ್ನೋಣ. ಎರಡೂ ಉದ್ದು ಬಂದರೆ ಮಾತ್ರ ಸುಕ್ಕು. ಒಬ್ಬ ಹುಡುಗಿ 8 ಸಲ ತೆಗೆದರೆ ಒಂದೂ ಸುಕ್ಕು ಬರದೆ ಹೋಗಬಹುದು, ನಾಲ್ಕು ಬಂದರೂ ಬಂದೀತು. ಮಕ್ಕಳು ಲೆಕ್ಕ ತಪ್ಪಾಯಿತೆಂದು ಗಲಾಟೆ ಮಾಡುತ್ತಾರೆ. ಮಾಡಲಿ. ಆಮೇಲೆ ಇಡೀ ತರಗತಿಯ ಲೆಕ್ಕವನ್ನು ಹಲಗೆಯ ಮೇಲೆ ಕೂಡಿಸಿ. ಸಂಖ್ಯೆ ದೊಡ್ಡದಾದಂತೆ ಕಾಲು ಭಾಗಕ್ಕೆ ಹತ್ತಿರ ಬರುತ್ತದೆ. ಮೆಂಡೆಲ್ ಏಳು ಸಾವಿರ ಕಾಳು ಎಣಿಸಿದ್ದು ಏಕೆಂದು ಬಾಯಿಪಾಠವಿಲ್ಲದೆ ತಿಳಿಯುತ್ತದೆ.

ಇನ್ನೊಂದು ತಪ್ಪು ಕಲ್ಪನೆಯನ್ನೂ ಮಾಸ್ತರರು ಇಲ್ಲೇ ತಿದ್ದಬೇಕು. ಬೇಕೆಂದಾಗ, ಅಗತ್ಯ ಬಿದ್ದಾಗ ಉತ್ಪರಿವರ್ತನೆ ಆಗುತ್ತದೆಂದು ಮಕ್ಕಳು ತಿಳಿದಿರುತ್ತಾರೆ. ಹಾಗಿಲ್ಲ. ಜೀವಕೋಶ ತನ್ನ ಬರಹವನ್ನು ನಕಲು ಮಾಡುವಾಗ ಅಲ್ಲೊಂದು ಇಲ್ಲೊಂದು ತಪ್ಪು ಉಳಿದುಬಿಡುತ್ತದೆ. ಬಹಳಷ್ಟು ತಪ್ಪುಗಳಿಂದ ಏನೂ ಆಗುವುದಿಲ್ಲ. ಕೆಲವು ಕೆಡುಕು, ಅಪರೂಪಕ್ಕೆ ಒಳಿತು. ಮೈಸೂರು, ಚಾಮರಾಜನಗರ ಕಡೆಯ ಆದಿವಾಸಿ ಸಮುದಾಯಗಳಲ್ಲಿ ಕಾಣುವ ಕುಡಗೋಲು ಕಣ ರಕ್ತಹೀನತೆಯನ್ನು ನೋಡಿ. ರಕ್ತದ ಹಿಮೋಗ್ಲೋಬಿನ್ನಿನ ಒಂದು ಸರಪಳಿಯಲ್ಲಿ ಆರನೆಯ ಕೊಂಡಿ ಬದಲಾಗಿದೆ, ಅಷ್ಟೇ. ಎರಡು ಪ್ರತಿ ಬಂದ ಮಗು ನರಳುತ್ತದೆ. ಒಂದೇ ಪ್ರತಿ ಇರುವವರಿಗೆ ಮಲೇರಿಯಾ ಉಲ್ಬಣಿಸದಂತೆ ಅದೇ ರಕ್ಷಣೆ. ಒಂದೇ ಪ್ರತಿ ಸಾಕಾಗಿ ಕಾಯಿಲೆ ಬರುವುದೂ ಉಂಟು. ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಕೀಲುಗಳು ಸವೆದು ಜನ ನಡೆಯಲಾರದೆ ಹೋದಾಗ, ಔಷಧಿ ಹೊಡೆದ ಗದ್ದೆಯ ಏಡಿ ತಿಂದದ್ದೇ ಕಾರಣವೆಂದು ಮೊದಲು ಶಂಕಿಸಿದ್ದರು. ಅದು ವಂಶದಲ್ಲಿ ಇಳಿದುಬರುವ ಕಾಯಿಲೆ, ತಂದೆ ಅಥವಾ ತಾಯಿ ಒಬ್ಬರಿಂದ ಬಂದರೂ ಸಾಕು ಎಂದು ಆಮೇಲೆ ಗೊತ್ತಾಯಿತು.

ಈಗ ನಾವು ಮೊದಲು ಹೇಳಿದ ಆ ಕೂಸಿನ ಮನೆಗೆ ಮರಳೋಣ. ಹುಟ್ಟಿನಿಂದ ಕಿವಿ ಕೇಳದಿರಲು ಕಾರಣಗಳು ಹಲವು, ಸೋಂಕೂ ಇರಬಹುದು. ಆದರೆ ವಂಶದಿಂದ ಬರುವ ಕಿವುಡುತನಕ್ಕೆ ಭಾರತದಲ್ಲಿ ಮತ್ತೆ ಮತ್ತೆ ಕಾಣುವ ಕಾರಣ ಜಿಜೆಬಿ2 ಎಂಬ ಜೀನ್‌ನ ಒಂದು ಬದಲಾವಣೆ. ಅದು 226 ಪದಗಳ ಒಂದು ವಾಕ್ಯವಿದ್ದಂತೆ. ಒಂದು ಅಕ್ಷರ ತಪ್ಪಿ 24ನೆಯ ಪದದಲ್ಲೇ ಪೂರ್ಣವಿರಾಮ ಬಿದ್ದುಬಿಡುತ್ತದೆ. ಇದು ಸುಕ್ಕು ಬಟಾಣಿಯ ಲೆಕ್ಕದಂತೆಯೇ ನಡೆಯುತ್ತದೆ. ತಂದೆಗೆ ಒಂದು ಪ್ರತಿ, ತಾಯಿಗೆ ಒಂದು ಪ್ರತಿ, ಇಬ್ಬರಿಗೂ ಕಿವಿ ಚೆನ್ನಾಗಿ ಕೇಳುತ್ತದೆ, ಇಬ್ಬರಿಗೂ ಅದು ಗೊತ್ತಿರುವುದಿಲ್ಲ. ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಸಂಭವ. ಹಾಗಿದ್ದ ಮೇಲೆ ತಾಯಿಯೊಬ್ಬಳನ್ನೇ ದೂರುವುದು ಯಾವ ಲೆಕ್ಕದಲ್ಲಿ? ಗ್ರಹಣಕ್ಕೂ ಆ ಪೂರ್ಣವಿರಾಮಕ್ಕೂ ಏನೂ ಸಂಬಂಧವಿಲ್ಲ. ಆ ತಪ್ಪು ಅವಳು ಹುಟ್ಟುವುದಕ್ಕಿಂತ ಎಷ್ಟೋ ತಲೆಮಾರು ಮೊದಲೇ ಯಾರಲ್ಲೋ ಆದದ್ದು.

ನಾಲ್ಕರಲ್ಲಿ ಒಂದು ಎಂದರೆ, ಒಂದು ಮಗುವಿಗೆ ಹೀಗಾಯಿತು, ಇನ್ನು ಮೂರಕ್ಕೆ ಚಿಂತೆಯಿಲ್ಲ ಎಂದು ಕೆಲವರು ತಿಳಿಯುತ್ತಾರೆ. ಚೀಲದ ಕಾಳನ್ನು ನೆನೆಸಿಕೊಳ್ಳಿ. ತೆಗೆದ ಕಾಳನ್ನು ಮತ್ತೆ ಒಳಗೆ ಹಾಕಿದ್ದೇವೆ. ಪ್ರತಿ ಸಲವೂ ಲೆಕ್ಕ ಹೊಸದಾಗಿಯೇ ಶುರು.

ನಮ್ಮ ಕಡೆ ಸೋದರಮಾವನಿಗೆ, ಸೋದರತ್ತೆಯ ಮಗನಿಗೆ ಹೆಣ್ಣು ಕೊಡುವುದು ಮೊದಲಿನಿಂದ ಬಂದದ್ದು. ಆಸ್ತಿ ಉಳಿಯುತ್ತದೆ, ಹುಡುಗಿ ಗೊತ್ತಿದ್ದವರ ಮನೆಯಲ್ಲೇ ಇರುತ್ತಾಳೆ ಎಂಬ ಅಕ್ಕರೆಯೂ ಅದರಲ್ಲಿದೆ. ಆದರೆ ಮಾವ ಮತ್ತು ಸೊಸೆಯ ನಡುವೆ ಜೀನ್‌ಗಳಲ್ಲಿ ಸರಾಸರಿ ನಾಲ್ಕರಲ್ಲಿ ಒಂದು ಪಾಲು, ಅತ್ತೆ ಮಾವನ ಮಕ್ಕಳ ನಡುವೆ ಎಂಟರಲ್ಲಿ ಒಂದು ಪಾಲು ಒಂದೇ ಹಿರಿಯರಿಂದ ಬಂದವು. ಅಡಗಿರುವ ಅದೇ ತಪ್ಪು ಇಬ್ಬರಲ್ಲೂ ಇರುವ ಸಂಭವ ಅಷ್ಟು ಹೆಚ್ಚು. ಇಷ್ಟು ಹತ್ತಿರದ ನಂಟಿನಲ್ಲಿ ಲಗ್ನವಾಗಬಾರದೆಂದು ಧರ್ಮಸಭೆಯ ಕಾನೂನೂ ಹೇಳುತ್ತದೆ, ವಿಶೇಷ ಅನುಮತಿ ಬೇಕು. ಆ ಅನುಮತಿಯ ಅರ್ಜಿಯನ್ನು ಬರಿಯ ಕಾಗದದ ಕೆಲಸವೆಂದು ಬಗೆದು ಸಹಿ ಹಾಕುವ ಮುನ್ನ, ಎರಡೂ ಮನೆಯವರು ಡಾಕ್ಟರರ ಹತ್ತಿರ ಒಂದು ಮಾತು ಕೇಳಿದರೆ ಒಳ್ಳೆಯದು. ಹಾಗೆಂದು ಈಗಾಗಲೇ ಲಗ್ನವಾದವರ ಮುಂದೆ ಇದನ್ನು ಎತ್ತಿ ಆಡಿ ನೋಯಿಸಬೇಡಿ. ಇಂಥ ಮದುವೆಗಳಲ್ಲಿ ಹುಟ್ಟಿದ ಮಕ್ಕಳಲ್ಲಿ ಹೆಚ್ಚಿನವರು ಆರೋಗ್ಯವಾಗಿಯೇ ಇದ್ದಾರೆ.

ಕೂಸು ಸದ್ದಿಗೆ ತಿರುಗದಿದ್ದರೆ ಮಾತು ಬರುವವರೆಗೆ ಕಾಯಬೇಡಿ. ಹುಟ್ಟಿದ ಮೊದಲ ತಿಂಗಳುಗಳಲ್ಲೇ ಕಿವಿ ಪರೀಕ್ಷೆ ಮಾಡಿಸಬಹುದು. ಜಿಲ್ಲಾ ಆಸ್ಪತ್ರೆಯಲ್ಲಿ ಕೇಳಿ. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಈ ಕೆಲಸಕ್ಕೇ ಇದೆ. ಎಷ್ಟು ಬೇಗ ಗೊತ್ತಾದರೆ ಮಾತು ಕಲಿಯಲು ಅಷ್ಟು ಅನುಕೂಲ. ಹರಕೆಗೆ ಹೋಗುವವರು ಹೋಗಲಿ, ಆದರೆ ಪರೀಕ್ಷೆ ಮಾಡಿಸಿಕೊಂಡು ಹೋಗಲಿ.

ಇನ್ನೊಂದು ಸಂಗತಿ ಉಳಿದಿದೆ. 2022ರಲ್ಲಿ ಮೆಂಡೆಲ್ ಹುಟ್ಟಿ ಇನ್ನೂರು ವರ್ಷ ತುಂಬಿತು. ಅದಕ್ಕೆ ಮೊದಲು, 2021ರಲ್ಲಿ, ಬ್ರನೋದ ಸ್ಮಶಾನದಲ್ಲಿ ಅಗಸ್ಟೀನರ ಸಭೆಯವರ ಸಮಾಧಿಯನ್ನು ಸಭೆಯ ಒಪ್ಪಿಗೆಯಿಂದ ತೆರೆದು ಅವರ ಅಸ್ಥಿಗಳನ್ನು ಗುರುತಿಸಿದರು. ಅವರು ಓದಿದ ಪುಸ್ತಕಗಳಂಥ ವಸ್ತುಗಳ ಮೇಲೆ ಉಳಿದಿದ್ದ ಗುರುತುಗಳೊಂದಿಗೆ ಹೋಲಿಸಿ ಇದು ಅವರದೇ ಎಂದು ಖಚಿತಪಡಿಸಿಕೊಂಡರು. ಆಮೇಲೆ ಅವರ ಡಿಎನ್‌ಎಯನ್ನು ಓದಿದರು. ಹೃದಯದ ಮತ್ತು ಮೂತ್ರಪಿಂಡದ ಕಾಯಿಲೆಗೆ ಸಂಬಂಧವಿರುವ ಬದಲಾವಣೆಗಳು ಅದರಲ್ಲಿ ಸಿಕ್ಕವು. ನರಗಳ ತೊಂದರೆಗೆ ಸಂಬಂಧಿಸಿದ್ದೂ ಒಂದಿತ್ತು. ಹುಡುಗನಾಗಿದ್ದಾಗ ತಿಂಗಳುಗಟ್ಟಲೆ ಹಾಸಿಗೆ ಹಿಡಿದದ್ದು, ರೋಗಿಗಳ ನಡುವೆ ಕುಸಿದದ್ದು, ಎರಡನೆಯ ಪರೀಕ್ಷೆಯಿಂದ ಹಿಂದಿರುಗಿದ್ದು ಇವುಗಳಿಗೆ ಅದೂ ಒಂದು ಕಾರಣವಾಗಿದ್ದೀತೇ ಎಂದು ಕೆಲವರು ಊಹಿಸಿದ್ದಾರೆ, ಊಹೆ ಅಷ್ಟೇ. ಬಟಾಣಿಗಳಲ್ಲಿ ಅವರು ಎಣಿಸಿದ ಏಳರಂತೆ ಅವರ ಮೈಯಲ್ಲೂ ಹಲವು ಇದ್ದವು, ನಿಮ್ಮ ನನ್ನ ಮೈಯಲ್ಲಿ ಇರುವಂತೆಯೇ. ಅವರು ಗಿಡ ಬೆಳೆಸಿದ ತೋಟವನ್ನೂ ಆ ಮಠದಲ್ಲಿರುವ ವಸ್ತುಸಂಗ್ರಹಾಲಯವನ್ನೂ ಬ್ರನೋಗೆ ಹೋದವರು ಈಗಲೂ ನೋಡಬಹುದು.